ಭಾಗಿಸಿ ನೋಡದ ವ್ಯಾಪಾರಿ

"ಗುಣಿಸಿದರೆ ಸಾಲದೇ ಅಕ್ಕೋರೇ? ಭಾಗಿಸುವುದು ಯಾಕೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಫಕ್ಕೀರೇಶ. ಮನೆಗಳಿಗೆ ವೈರಿಂಗ್ ಮಾಡುವ ಕೆಲಸ ಕಲಿಯುತ್ತಿದ್ದ. ಅಕ್ಕೋರು ಬಹಳ ಕಾಲ ತರಬೇತಿ ಶಾಲೆಯೊಂದರಲ್ಲಿ ಕರೆಂಟಿನ ಪಾಠ ಹೇಳಿದವರು. ಈಗ ತಮ್ಮ ಮನೆಯ ಪಡಸಾಲೆಯಲ್ಲೇ ಬಂದವರಿಗೆ ಹೇಳಿಕೊಡುತ್ತಿದ್ದರು. ಅವರ ನಾಲಗೆ ಹರಿತ. ಅವರ ಹತ್ತಿರ ಪಾಠ ತಪ್ಪಿದವನಿಗೆ ಬೇರೆ ಶಾಕ್ ಬೇಕಿರಲಿಲ್ಲ.

ಫಕ್ಕೀರೇಶ ತನ್ನ ಅನುಮಾನವನ್ನು ಬಿಡಿಸಿ ಹೇಳಿದ.

"ಒಂದು ಒಲೆಗೆ ಎಷ್ಟು ವೋಲ್ಟು, ಅದು ಎಳೆಯೋದು ಎಷ್ಟು ಆಂಪಿಯರ್, ಈ ಎರಡು ಅಂಕಿ ಕೊಡ್ತಾರೆ. ಗುಣಿಸಿದರೆ ವ್ಯಾಟು ಬಂತು. ಒಲೆ ಎಷ್ಟು ಕಾವು ಕೊಡುತ್ತೆ ಅನ್ನೋದು ತಿಳಿಯಿತು. ಗಿರಾಕಿ ಕೇಳೋದೂ ಅದನ್ನೇ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಬರುತ್ತೆ. ತಂತಿ ಕರೆಂಟನ್ನು ಎಷ್ಟು ತಡೆದು ನಿಲ್ಲುತ್ತೆ ಅನ್ನೋ ಲೆಕ್ಕ. ಅದನ್ನು ಕಟ್ಟಿಕೊಂಡು ಯಾರಿಗೆ ಏನಾಗಬೇಕು? ಈ ಒಲೆ ಎಷ್ಟು ತಡೆಯುತ್ತೆ ಅಂತ ಯಾವ ಗಿರಾಕಿಯಾದರೂ ಕೇಳಿದ್ದಾನಾ?"

ಅಕ್ಕೋರು ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಅಂಗಳದ ಬೇವಿನ ಕಟ್ಟೆಯ ಮೇಲೆ ಒಬ್ಬ ಹೆಣ್ಣುಮಗಳು ಚೀಲ ಹಿಡಿದು ಕೂತಿದ್ದಳು. ಕಟ್ಟೆಯ ಅರ್ಧ ನೆರಳಿನಲ್ಲಿತ್ತು. ಅವಳು ಬಿಸಿಲಿನ ಅರ್ಧದಲ್ಲಿ ಕೂತಿದ್ದಳು.

"ಯಾರದು?"

"ನನ್ನ ತಂಗಿ ಹೇಮವ್ವ. ಗಂಡನ ಮನೆಗೆ ಬಿಟ್ಟು ಬರೋಕೆ ಹೊರಟೆ. ಬಸ್ಸಿಗೆ ಇನ್ನೂ ಹೊತ್ತಿದೆ. ಅಷ್ಟರೊಳಗೆ ಇದೊಂದು ಕೇಳಿಬಿಡೋಣ ಅಂತ ಬಂದೆ."

"ಒಳಗೆ ಕರಿಯಪ್ಪ. ಬಿಸಿಲಿದೆ."

"ಕರೆದೆ. ಇಲ್ಲೇ ಇರ್ತೀನಿ ಅಂದಳು. ಅವಳಿಗೆ ಈಗ ಎಲ್ಲಾದರೂ ನಡೆಯುತ್ತೆ."

ಈ ಮಾತನ್ನು ಫಕ್ಕೀರೇಶ ಹೆಮ್ಮೆಯಿಂದ ಹೇಳಿದ. ತಾನು ಒಳ್ಳೆಯ ಅಣ್ಣನೆಂದು ಅವನ ಎಣಿಕೆ. ಅಪ್ಪ ಇಲ್ಲದ ಮನೆಯಲ್ಲಿ ತಂಗಿಯ ಸಂಸಾರ ಮುರಿಯದಂತೆ ನೋಡಿಕೊಂಡವನು ಅವನೇ. ಹೇಮವ್ವ ಮೊದಲ ಸಲ ಗಂಡನ ಮನೆಯಿಂದ ಬಂದಾಗ ತಲೆಬಾಗಿಲಲ್ಲೇ ಕೂತು ಓಣಿಗೆಲ್ಲ ಕೇಳುವಂತೆ ಅತ್ತಿದ್ದಳು. ಅವಳ ಹೊಲಿಗೆಯ ಯಂತ್ರದ ಸದ್ದಿಗೆ ಅತ್ತೆಗೆ ತಲೆನೋವು ಬರುತ್ತಿತ್ತಂತೆ. ಅಣ್ಣ ಹೋಗಿ ಮಾತಾಡಿದ. ಹೊಲಿಗೆ ಬಿಡುವುದೆಂದು ಒಪ್ಪಂದವಾಯಿತು. ಯಂತ್ರ ತವರಿಗೆ ಬಂತು, ತಂಗಿ ಅತ್ತೆಯ ಮನೆಗೆ ಹೋದಳು. ಎರಡನೇ ಸಲ ಬಂದಾಗ ಕೆನ್ನೆ ಊದಿತ್ತು. ಎದುರು ಮಾತಾಡುತ್ತಾಳೆ ಎಂದು ದೂರು. ಅಣ್ಣ ದೇವರ ಮುಂದೆ ಭಂಡಾರದ ಅರಿಸಿನ ಮುಟ್ಟಿಸಿದ. ಇನ್ನು ಎದುರಾಡುವುದಿಲ್ಲ ಎಂದು ಆಣೆ ಮಾಡಿಸಿ ಕಳಿಸಿದ. ಈಗ ಇದು ಮತ್ತೊಂದು ಸಲ. ಈ ಸಲ ಅವಳು ಅಳಲೇ ಇಲ್ಲ. ಬಂದವಳೇ ಪೊರಕೆ ಹುಡುಕಿ ಅಂಗಳ ಗುಡಿಸಿದಳು.

"ಈ ಸಲ ಏನು ಕೇಳಿದ್ದಾರೆ?" ಎಂದರು ಅಕ್ಕೋರು.

"ದೊಡ್ಡದೇನಿಲ್ಲ. ಇನ್ನು ತವರಿಗೆ ಬರಕೂಡದು ಅಂದಿದ್ದಾರೆ. ಪಂಚಮಿಗೂ ಕರೆಯೋದು ಬೇಡವಂತೆ. ಹೂಂ ಅಂದು ಬಂದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಈಗ ಆ ಮನೆಯ ಕೆಲಸವೆಲ್ಲ ಇವಳೊಬ್ಬಳೇ ಎಳೀತಾಳೆ ಅಕ್ಕೋರೇ. ಮಾವ ನನ್ನೆದುರೇ ಹೊಗಳಿದರು. ಇಂಥ ಸೊಸೆ ಊರಲ್ಲಿಲ್ಲ ಅಂದರು."

ಅಕ್ಕೋರು ಕಿಟಕಿಯಿಂದ ಕಣ್ಣು ತೆಗೆದರು.

"ನಿನ್ನ ಅನುಮಾನಕ್ಕೆ ಬರೋಣ. ಒಂದು ಕತೆ ಇದೆ. ನಡುನಡುವೆ ಆಂಪಿಯರ್ ನಾನು ಹೇಳ್ತೀನಿ. ಲೆಕ್ಕ ನೀನು ಹೇಳು."

ಅಕ್ಕೋರು ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಅವನದೊಂದು ಚಹಾದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಗೋಡೆ. ಗೋಡೆಯಲ್ಲಿ ಒಂದು ಬಾಗಿಲು. ಹಿಂದಿನ ಮನೆಗೆ ಬೇರೆ ಬಾಗಿಲಿರಲಿಲ್ಲ. ವ್ಯಾಪಾರಿಯ ಹೆಂಡತಿ ಅಲ್ಲಿ ಕೂತು ಉಳ್ಳಾಗಡ್ಡಿ ಹೆಚ್ಚಿ, ಹಿಟ್ಟು ಕಲಸಿ ಬಾಗಿಲಲ್ಲಿ ಇಡುತ್ತಿದ್ದಳು. ಗಿರಾಕಿಗಳು ಅವಳ ಕೈ ನೋಡಿದ್ದರು, ಮುಖ ನೋಡಿರಲಿಲ್ಲ.

ವ್ಯಾಪಾರಿ ಒಂದು ಕರೆಂಟಿನ ಒಲೆ ತಂದ. ಸುಟ್ಟ ಮಣ್ಣಿನ ಬಿಲ್ಲೆ. ಬಿಲ್ಲೆಯ ಮೇಲೆ ಸುತ್ತುತ್ತ ಹೋಗುವ ಕಾಲುವೆ. ಕಾಲುವೆಯೊಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿಯ ಸುರುಳಿ. ಗುಂಡಿ ಒತ್ತಿದರೆ ಸುರುಳಿ ಕೆಂಪಾಗುತ್ತಿತ್ತು. ಚಹಾ ನಿಧಾನವಾಗಿ ಕುದಿಯುತ್ತಿತ್ತು.

"ಅಂಗಡಿಗೆ ಬರುವ ಕರೆಂಟು ಇನ್ನೂರ ನಲವತ್ತು ವೋಲ್ಟು ಅಂತ ಇಟ್ಟುಕೋ. ಕತೆ ಮುಗಿಯುವವರೆಗೂ ಅದು ಅಷ್ಟೇ. ಹೊಸ ಒಲೆ ಐದು ಆಂಪಿಯರ್ ಎಳೆಯುತ್ತಿತ್ತು."

"ಸಾವಿರದ ಇನ್ನೂರು ವ್ಯಾಟು" ಎಂದ ಫಕ್ಕೀರೇಶ. ಗುಣಾಕಾರದಲ್ಲಿ ಅವನು ಚುರುಕು.

"ಇನ್ನೊಂದು?"

ಅವನು ಸ್ವಲ್ಪ ತಡೆದು ಭಾಗಿಸಿದ. "ರೋಧ ನಲವತ್ತೆಂಟು ಓಮ್."

"ಅದನ್ನು ತಲೆಯಲ್ಲಿಟ್ಟುಕೋ. ಸುರುಳಿ ಇಡಿಯಾಗಿದ್ದಾಗ ಅದು ನಲವತ್ತೆಂಟು. ತಂತಿ ಗಿಡ್ಡವಾದಷ್ಟೂ ಈ ಅಂಕಿ ಇಳಿಯುತ್ತೆ."

ಒಂದು ದಿನ ಹಾಲು ಉಕ್ಕಿ ಬಿಲ್ಲೆಯ ಮೇಲೆ ಚೆಲ್ಲಿತು. ಕಾದ ಸುರುಳಿ ಪಟ್ಟೆಂದು ಮುರಿಯಿತು. ಒಲೆ ತಣ್ಣಗಾಯಿತು. ಗಿರಾಕಿಗಳು ಗೊಣಗಿದರು. ಬಾಗಿಲ ಹಿಂದಿನಿಂದ ಹೆಂಡತಿ, "ಹೊಸ ಸುರುಳಿ ತನ್ನಿ" ಎಂದಳು.

"ಇರೋದನ್ನ ಎಸೆದು ಹೊಸದು ತರೋಕೆ ನಾನೇನು ದೇಸಾಯಿನಾ? ಮುರಿದದ್ದನ್ನ ಕೂಡಿಸಬೇಕು. ಅದು ಬಾಳುವವರ ಲಕ್ಷಣ" ಎಂದ ವ್ಯಾಪಾರಿ.

ಅವನು ಮುರಿದ ತುದಿಗಳನ್ನು ನೋಡಿದ. ಸುಟ್ಟು ಕರಿದಾಗಿದ್ದವು. ಸುಟ್ಟ ತುಂಡನ್ನು ಕತ್ತರಿಸಿ ಎಸೆದ. ಉಳಿದ ತಂತಿಯನ್ನು ಜಗ್ಗಿದ. ಎರಡು ತುದಿಗಳನ್ನು ಕೊಕ್ಕೆ ಮಾಡಿ ಒಂದಕ್ಕೊಂದು ಹೊಸೆದ. ಗುಂಡಿ ಒತ್ತಿದ. ಸುರುಳಿ ಮೊದಲಿಗಿಂತ ಕೆಂಪಗೆ ಕಾಯಿತು. ಚಹಾ ಮೊದಲಿಗಿಂತ ಬೇಗ ಕುದಿಯಿತು.

"ಆರು ಆಂಪಿಯರ್" ಎಂದರು ಅಕ್ಕೋರು.

"ಸಾವಿರದ ನಾನೂರ ನಲವತ್ತು ವ್ಯಾಟು. ಹೆಚ್ಚಾಯಿತಲ್ಲ ಅಕ್ಕೋರೇ! ಕೂಡಿಸಿದ್ದರಿಂದ ಒಳ್ಳೆಯದೇ ಆಯಿತು."

"ವ್ಯಾಪಾರಿಯೂ ಹಾಗೇ ಅಂದ. ಇನ್ನೊಂದು ಹೇಳು."

"ನಲವತ್ತು ಓಮ್."

ವ್ಯಾಪಾರಿ ಈ ಎರಡನೇ ಲೆಕ್ಕ ಮಾಡಲಿಲ್ಲ. ಅವನಿಗೆ ಕೆಂಪು ಕಂಡಿತು, ಕುದಿಯುವ ಚಹಾ ಕಂಡಿತು. ಕತ್ತರಿಸಿ ಎಸೆದ ತುಂಡನ್ನು ಕಸದ ಜೊತೆ ಗುಡಿಸಿ ಹಾಕಿದ. ಗಿರಾಕಿಗಳು ಒಲೆಯನ್ನು ಹೊಗಳಿದರು. ಅವನು ಬಟ್ಟಲು ತೊಳೆಯುತ್ತ, "ಮುರಿದ ಮೇಲೆ ಅದಕ್ಕೆ ಬುದ್ಧಿ ಬಂತು ನೋಡ್ರಿ" ಎಂದ. ಎಲ್ಲರೂ ನಕ್ಕರು. ಒಬ್ಬಾತ, "ನಮ್ಮ ಮನೆಯವಳಿಗೂ ಈ ವೈದ್ಯ ಮಾಡಬೇಕು" ಎಂದ. ಇನ್ನಷ್ಟು ನಕ್ಕರು. ಬಾಗಿಲ ಹಿಂದೆ ಉಳ್ಳಾಗಡ್ಡಿ ಹೆಚ್ಚುವ ಸದ್ದು ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಹೆಚ್ಚು ಕಾದ ತಂತಿ ಹೆಚ್ಚು ದಿನ ಬಾಳುವುದಿಲ್ಲ. ಸುರುಳಿ ಮತ್ತೆ ಮುರಿಯಿತು. ಈ ಸಲ ಹಾಲು ಚೆಲ್ಲುವುದೂ ಬೇಕಾಗಲಿಲ್ಲ. ವ್ಯಾಪಾರಿಗೆ ಕೈ ಪಳಗಿತ್ತು. ಕತ್ತರಿಸಿದ, ಜಗ್ಗಿದ, ಹೊಸೆದ.

"ಎಂಟು ಆಂಪಿಯರ್."

"ಸಾವಿರದ ಒಂಬೈನೂರ ಇಪ್ಪತ್ತು. ಮೂವತ್ತು ಓಮ್." ಫಕ್ಕೀರೇಶ ಎರಡನ್ನೂ ಹೇಳಿದ. ಮೊದಲನೆಯದನ್ನು ಜೋರಾಗಿ ಹೇಳಿದ.

ಈಗ ಇನ್ನೊಂದು ತೊಂದರೆ ಎದ್ದಿತು. ಫ್ಯೂಸು ಹೋಗತೊಡಗಿತು. ಫ್ಯೂಸು ಎಂದರೆ ಕೂದಲಿನಂಥ ಒಂದು ತಂತಿ. ಅಂಗಡಿಯಲ್ಲಿ ದೀಪಕ್ಕೆ, ಫ್ಯಾನಿಗೆ ಅಂತ ನಡುಗೋಡೆಯೊಳಗೆ ಎಳೆದ ಸಣ್ಣ ವೈರು ಇತ್ತು, ಒಲೆಯೂ ಅದರಲ್ಲೇ. ಅದಕ್ಕೆ ಭಾರ ಹೆಚ್ಚಾದರೆ ಫ್ಯೂಸು ತಾನು ಕರಗಿ ಎಲ್ಲವನ್ನೂ ನಿಲ್ಲಿಸುತ್ತಿತ್ತು. ಸಾಕು, ಇನ್ನಾಗದು ಎಂದು ಆ ಮನೆಯಲ್ಲಿ ಕೂಗುತ್ತಿದ್ದದ್ದು ಅದೊಂದೇ. ಕಂಡ ಕಂಡ ಹೊತ್ತಿನಲ್ಲಿ ಕೂಗುತ್ತಿತ್ತು. ಗಿರಾಕಿಗಳ ಮುಂದೆ ಕೂಗುತ್ತಿತ್ತು. ವ್ಯಾಪಾರಿಗೆ ನಾಚಿಕೆಯಾಗುತ್ತಿತ್ತು.

ಅವನು ಕೂದಲಿನಂಥ ತಂತಿ ತೆಗೆದು, ಅಲ್ಲಿಗೆ ದಪ್ಪ ತಾಮ್ರದ ತಂತಿ ಸುತ್ತಿದ. ಅಂದಿನಿಂದ ಫ್ಯೂಸು ಹೋಗಲಿಲ್ಲ. "ಈಗ ರಗಳೆ ಇಲ್ಲ. ಎಲ್ಲ ಹೊಂದಿಕೊಂಡಿತು" ಎಂದು ಅವನು ಎಲ್ಲರಿಗೂ ಹೇಳಿದ.

ಇಲ್ಲಿ ಫಕ್ಕೀರೇಶನ ಕಣ್ಣು ತಾನಾಗಿ ಕಿಟಕಿಯ ಕಡೆ ಹೋಯಿತು. ನೆರಳು ಸರಿದಿತ್ತು. ಈಗ ಕಟ್ಟೆಯ ಮೇಲೆ ನೆರಳೇ ಇರಲಿಲ್ಲ. ಹೇಮವ್ವ ಸರಿದಿರಲಿಲ್ಲ.

"ಕತೆ ಇಲ್ಲಿದೆ" ಎಂದರು ಅಕ್ಕೋರು.

ಸುರುಳಿ ಮತ್ತೂ ಒಮ್ಮೆ ಮುರಿಯಿತು. ಅವನು ಮತ್ತೂ ಒಮ್ಮೆ ಕೂಡಿಸಿದ. ಕಾಲುವೆಯ ತುಂಬ ಇರಬೇಕಾದ ಸುರುಳಿ ಈಗ ಜಗ್ಗಿ ಜಗ್ಗಿ ಸುತ್ತುಗಳೇ ಅಳಿಸಿದ ದಾರದಂತಾಗಿತ್ತು. ಆದರೂ ಎಂದೂ ಇಲ್ಲದಷ್ಟು ಕಾಯುತ್ತಿತ್ತು. ಕೆಂಪು ಹೋಗಿ ಹಳದಿ ಬಂದಿತ್ತು. ಪಾತ್ರೆ ಇಟ್ಟರೆ ಸಾಕು, ಚಹಾ ಕುದಿಯುತ್ತಿತ್ತು. ಪಕ್ಕದ ಓಣಿಯ ಅಂಗಡಿಯವರು ನೋಡಲು ಬಂದರು. "ಎಲ್ಲಿಂದ ತಂದಿರಿ ಇಂಥ ಒಲೆ?" ಎಂದು ಕೇಳಿದರು.

"ಹತ್ತು ಆಂಪಿಯರ್."

ಫಕ್ಕೀರೇಶ ಬಾಯಿ ತೆರೆದ. ಈ ಸಲ ಅವನು ಮೊದಲು ಭಾಗಿಸಿದ.

"ಇಪ್ಪತ್ತನಾಲ್ಕು ಓಮ್."

"ಗುಣಿಸಿದರೆ?"

"ಎರಡು ಸಾವಿರದ ನಾನೂರು."

"ಹೊಸದಾಗಿದ್ದಾಗ ಎಷ್ಟು ಕೊಡುತ್ತಿತ್ತು?"

"ಅದರ ಅರ್ಧ."

"ಹೊಸದಾಗಿದ್ದಾಗ ಓಮ್ ಎಷ್ಟಿತ್ತು?"

"ಇದರ ಎರಡರಷ್ಟು."

"ಅಂದರೆ, ಒಲೆ ಎರಡರಷ್ಟು ಕೊಡುತ್ತಿತ್ತು. ಒಲೆ ಅರ್ಧ ಉಳಿದಿತ್ತು. ಎರಡೂ ಒಂದೇ ಅಂಕಿಗಳಿಂದ ಬಂದ ಲೆಕ್ಕ. ಚಹಾ ಕುಡಿಯಲು ಬಂದವರು ಒಂದನ್ನು ನೋಡಿ ಹೊಗಳಿ ಹೋದರು. ಅವರಿಗೆ ಅಷ್ಟೇ ಸಾಕು. ಒಲೆ ಅವರದಲ್ಲ."

ಹೆಂಡತಿಗೆ ಮಾತ್ರ ವಾಸನೆ ಬರುತ್ತಿತ್ತು. ಬಾಗಿಲ ಮೇಲಿನ ಗೋಡೆಯಿಂದ ರಬ್ಬರು ಬೆಂದಂಥ ವಾಸನೆ. ಅವಳು ಗೋಡೆಗೆ ಕೈ ಇಟ್ಟಳು. ಜ್ವರ ಬಂದವರ ಹಣೆಯಂತಿತ್ತು. ಗಂಡನನ್ನು ಕರೆದು ತೋರಿಸಿದಳು.

"ನಿನ್ನ ಮೂಗೇ ಸರಿ ಇಲ್ಲ" ಎಂದ ವ್ಯಾಪಾರಿ. ಒಂದು ಊದುಬತ್ತಿ ಹಚ್ಚಿ ಬಾಗಿಲ ಚೌಕಟ್ಟಿಗೆ ಸಿಕ್ಕಿಸಿದ. ವಾಸನೆ ಹೋಯಿತು. ದಿನಾ ಊದುಬತ್ತಿ ಹಚ್ಚುವುದು ರೂಢಿಯಾಯಿತು. ಗಿರಾಕಿಗಳು, "ಅಂಗಡಿಗೆ ದೇವರ ಕಳೆ ಬಂತು" ಎಂದರು.

ಅವಳು ಮತ್ತೆ ಹೇಳಲಿಲ್ಲ. ಗೋಡೆ ಮುಟ್ಟುವುದನ್ನು ಮಾತ್ರ ಬಿಡಲಿಲ್ಲ. ಉಳ್ಳಾಗಡ್ಡಿ ಹೆಚ್ಚಿ ಏಳುವಾಗೊಮ್ಮೆ, ಹಿಟ್ಟು ಕಲಸಿ ಕೈ ತೊಳೆದಾಗೊಮ್ಮೆ ಮುಟ್ಟುತ್ತಿದ್ದಳು. ಬಿಸಿ ಏರುತ್ತ ಹೋದದ್ದು ಆ ಅಂಗೈಗೆ ಗೊತ್ತಿತ್ತು. ಅಂಗೈಯನ್ನು ಯಾರು ಕೇಳುತ್ತಾರೆ?

ಅದೊಂದು ಸಂತೆಯ ದಿನ. ನಡುಮಧ್ಯಾಹ್ನ. ಅಂಗಡಿ ತುಂಬಿತ್ತು. ಒಲೆ ಬೆಳಗಿನಿಂದ ಆರಿರಲಿಲ್ಲ. ಬೆಂಕಿ ಒಲೆಯಲ್ಲಿ ಹುಟ್ಟಲಿಲ್ಲ. ಗೋಡೆಯೊಳಗಿನ ವೈರಿನಲ್ಲಿ ಹುಟ್ಟಿತು. ಬಾಗಿಲ ಮೇಲಿನ ತೊಲೆ ಹತ್ತಿಕೊಂಡಿತು. ತೊಲೆಯಿಂದ ಗೋಣಿಯ ಪರದೆಗೆ, ಪರದೆಯಿಂದ ಎಣ್ಣೆಯ ಡಬ್ಬಿಗೆ ಇಳಿಯಿತು. ಕೂಗಲು ಇದ್ದ ಫ್ಯೂಸಿನ ಬಾಯನ್ನು ತಾಮ್ರದಿಂದ ಹೊಲಿದಾಗಿತ್ತು. ಅದು ಕೂಗಲಿಲ್ಲ. ಗಿರಾಕಿಗಳು ರಸ್ತೆಗೆ ಓಡಿದರು. ವ್ಯಾಪಾರಿಯೂ ಓಡಿದ. ಹಿಂದಿನ ಮನೆಗೆ ಬಾಗಿಲು ಅದೊಂದೇ ಇತ್ತು.

ಊರವರು, "ಒಲೆ ಸಿಡಿದು ಸತ್ತಳು" ಎಂದರು. ಹೆಂಗಸು ಸುಟ್ಟು ಸತ್ತರೆ ಊರಿಗೆ ಹೇಳಲು ಬರುವ ಮಾತು ಅದೊಂದೇ. ಬೂದಿ ಆರಿದ ಮೇಲೆ ನೋಡಿದರೆ ಒಲೆ ಇದ್ದಲ್ಲೇ ಇತ್ತು. ಬಿಲ್ಲೆ ಒಡೆದಿರಲಿಲ್ಲ. ಸುರುಳಿ ಕಾಲುವೆಯಲ್ಲೇ ಇತ್ತು. ಅವನು ಹಾಕಿದ ಗಂಟುಗಳೂ ಬಿಚ್ಚಿರಲಿಲ್ಲ.

ವ್ಯಾಪಾರಿ ರಸ್ತೆಯ ಮಧ್ಯೆ ಕೂತು ಎದೆ ಬಡಿದುಕೊಂಡ. ಹೋಗುವವರು ಬರುವವರನ್ನೆಲ್ಲ ನಿಲ್ಲಿಸಿ ಕೇಳಿದ, "ನಂದೇನು ತಪ್ಪು ಹೇಳ್ರಿ. ಮುರಿದಾಗಲೆಲ್ಲ ನಾನೇ ಕೈಯಾರೆ ಕೂಡಿಸಿದೆನಲ್ಲ?"

ಯಾರೂ ತಪ್ಪೆನ್ನಲಿಲ್ಲ. ಆ ಒಲೆಯ ಚಹಾ ಕುಡಿದವರೇ ಎಲ್ಲರೂ.

ಅಕ್ಕೋರು ಕತೆ ನಿಲ್ಲಿಸಿದರು.

ಫಕ್ಕೀರೇಶನಿಗೆ ಏನಾದರೂ ಹೇಳಬೇಕೆನಿಸಿತು. ಕಲಿತದ್ದು ನೆನಪಿಗೆ ಬಂತು.

"ದಪ್ಪ ವೈರು ಎಳೆಯಬೇಕಿತ್ತು ಅಕ್ಕೋರೇ. ಒಲೆಗೆ ಬೇರೆ ಲೈನು ಕೊಡಬೇಕಿತ್ತು. ಫ್ಯೂಸಿಗೆ ತಾಮ್ರ ಸುತ್ತಬಾರದಿತ್ತು."

"ಸರಿಯಾಗಿದೆ. ಪರೀಕ್ಷೆಯಲ್ಲಿ ಹಾಗೇ ಬರಿ. ಪೂರ್ತಿ ಅಂಕ ಕೊಡ್ತಾರೆ."

ಅವನು ತಲೆ ತಗ್ಗಿಸಿದ. ಸುರುಳಿಯಿಂದ ಕತ್ತರಿಸಿ ಎಸೆದ ತುಂಡುಗಳು ಅವನ ಕಣ್ಣ ಮುಂದೆ ಬಂದವು. ಅವನ ಮನೆಯ ಮೂಲೆಯಲ್ಲಿ ಒಂದು ಹೊಲಿಗೆ ಯಂತ್ರ ಇತ್ತು. ಅದರ ಮೇಲೆ ಅವನ ಹೆಂಡತಿ ಮಡಿಸಿದ ಬಟ್ಟೆ ಇಡುತ್ತಿದ್ದಳು. ದೇವರ ಕೋಣೆಯಲ್ಲಿ ಭಂಡಾರದ ಬಟ್ಟಲಿತ್ತು. ಹೇಮವ್ವ ಅದನ್ನು ಮುಟ್ಟುವಾಗ ಅವಳ ಕೈ ಹಿಂದೆ ಸರಿದಿತ್ತು. ಆ ಕೈಯನ್ನು ಹಿಡಿದು ಬಟ್ಟಲಿಗೆ ಒತ್ತಿದವನು ಅವನೇ. ಚಿಕ್ಕವಳಿದ್ದಾಗ ಅವಳು ಪಂಚಮಿಯ ಜೋಕಾಲಿಯನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಬಿಡೇ ಎಂದು ಜುಟ್ಟು ಹಿಡಿದು ಎಳೆದರೆ ಕಚ್ಚುತ್ತಿದ್ದಳು. ಅವನ ಮುಂಗೈಯಲ್ಲಿ ಆ ಹಲ್ಲಿನ ಗುರುತು ಇನ್ನೂ ಇತ್ತು. ಅವನು ಅದನ್ನು ಹೆಬ್ಬೆರಳಿನಿಂದ ಮುಟ್ಟಿದ.

ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು.

ಕಟ್ಟೆಯ ಮೇಲಿದ್ದ ಹೇಮವ್ವ ಯಾರೂ ಕರೆಯದೆ ಎದ್ದು ನಿಂತಳು. ಚೀಲ ಎತ್ತಿಕೊಂಡಳು. ಅಣ್ಣ ಬಂದನೇ ಎಂದು ತಿರುಗಿ ನೋಡಲಿಲ್ಲ. ರಸ್ತೆಯ ಕಡೆ ಮುಖ ಮಾಡಿ ನಿಂತಳು.

ಅಕ್ಕೋರು ಅವಳನ್ನೇ ನೋಡುತ್ತ ಹೇಳಿದರು, "ಅವಳಲ್ಲಿ ಇನ್ನೆಷ್ಟು ಉಳಿದಿದೆ, ಭಾಗಿಸಿ ಹೇಳು, ಆಮೇಲೆ ಬಸ್ಸು ಹತ್ತಿಸು."